ಬೀಜಕ್ಕೆ ಬಿಟ್ಟ ಹಣ್ಣು

ಗಂಟು ಬಿಗಿಯಾಗಿತ್ತು. ಭಾಗ್ಯಮ್ಮ ಉಗುರಿನಿಂದ ಮೀಟಿ ಮೀಟಿ ಬಿಚ್ಚುತ್ತಿದ್ದಳು. ಎಳೆದು ಹರಿದಿದ್ದರೂ ಆಗುತ್ತಿತ್ತು, ಆದರೆ ಮಗ್ಗದ ಮನೆಯ ಹೆಂಗಸಿಗೆ ರೇಷ್ಮೆ ಎಳೆ ಹರಿಯಲು ಕೈ ಬರುವುದಿಲ್ಲ. ಕೊನೆಗೂ ಗಂಟು ಸಡಿಲಿತು. ಎಳೆಯನ್ನು ಹೆಬ್ಬೆರಳಿಗೆ ಸುತ್ತಿಕೊಂಡು ಹಣ್ಣಿನ ತೊಟ್ಟು ಮುರಿದಳು.

ಗಿಡ ಅವಳದಲ್ಲ, ಹಿತ್ತಲೂ ಅವಳದಲ್ಲ. ಎರಡೂ ಪಕ್ಕದ ಮನೆಯ ಚಾಮುಂಡಮ್ಮನವು. ಚಾಮುಂಡಮ್ಮ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ, ಇಟಲಿಯ ಸಿಸ್ಟರ್ ಒಬ್ಬರು ತಮ್ಮ ದೇಶಕ್ಕೆ ಹಿಂತಿರುಗುವ ಮುಂಚೆ ಒಂದು ಚಿಟಿಕೆ ಬೀಜ ಕೊಟ್ಟು ಹೋಗಿದ್ದರು. ಅಂದಿನಿಂದ ಕೊಳ್ಳೇಗಾಲದ ಈ ಬೀದಿಯಲ್ಲಿ ವರ್ಷವೂ ಪುಟ್ಟ ಕುಂಬಳದ ಹಾಗೆ ಗೆರೆಗೆರೆಯಾದ ಟೊಮೆಟೊ ಹಣ್ಣಾಗುತ್ತಿತ್ತು. ಈ ಸಲ ಬೀಜ ಮುಕ್ಕಾಲು ಇಲಿಯ ಪಾಲಾಗಿ, ಉಳಿದದ್ದರಲ್ಲಿ ಎರಡೇ ಗಿಡ ಎದ್ದಿದ್ದವು. ಮಗಳ ಬಾಣಂತನಕ್ಕೆ ಹನೂರಿಗೆ ಹೊರಟ ಚಾಮುಂಡಮ್ಮ, ಭಾಗ್ಯಮ್ಮನಿಂದಲೇ ಒಂದು ನೀಲಿ ಎಳೆ ಇಸಿದುಕೊಂಡು ದಪ್ಪನೆಯ ಹಣ್ಣಿಗೆ ಕಟ್ಟಿದ್ದಳು.

“ಮಿಕ್ಕಿದ್ದೆಲ್ಲ ಕಿತ್ಕಂಡು ತಿನ್ನಿ ಕಣವ್ವ. ಇದೊಂದ್ನ ಮುಟ್ಬ್ಯಾಡ, ಬೀಜುಕ್ಕೆ. ಇದು ಓದ್ರೆ ಬುಡವೇ ಓಯ್ತು.”

“ನಾನಿಲ್ವಾ ಅಕ್ಕ, ನೀವು ಓಗ್ಬನ್ನಿ,” ಎಂದಿದ್ದಳು ಭಾಗ್ಯಮ್ಮ.

ಇದ್ದಳು, ಪುಣ್ಯಾತ್ಗಿತ್ತಿ! ಮಿಕ್ಕಿದ್ದನ್ನೆಲ್ಲ ಗೊಜ್ಜು ಮಾಡಿ ಮುಗಿಸಿದ್ದಳು. ಬಿಸಿಲಿಗೆ ಗಿಡಗಳೂ ಒಣಗುತ್ತಿದ್ದವು. ಆ ಹೊತ್ತಿಗೆ ಸರಿಯಾಗಿ ಮೈಸೂರಿನಿಂದ ನಾದಿನಿ ರೂಪ ಬಂದಳು. ಬಂದರೆ ಸಾಕು, ಫ್ರಿಜ್ಜಿನ ಪುರಾಣ, ಬಣ್ಣದ ಟಿ.ವಿ.ಯ ಪುರಾಣ. ಕೇಳಿ ಕೇಳಿ ರೋಸಿದ ಭಾಗ್ಯಮ್ಮ, “ನಾನೂವೆ ಹಿತ್ಲಲ್ಲಿ ಇಟಲಿ ಟೊಮೆಟೊ ಬೆಳ್ದಿವ್ನಿ” ಎಂದುಬಿಟ್ಟಳು.

“ನೀವಾ ಅತ್ತಿಗೆ?” ರೂಪ ನಕ್ಕಳು. “ಎಲ್ಲಿ, ತೋರ್ಸಿ ನೋಡಣ.”

ಆ ನಗುವೇ ಭಾಗ್ಯಮ್ಮನನ್ನು ಬೇಲಿ ದಾಟಿಸಿದ್ದು.

ರೂಪ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ ಬೆರಗಾದಳು. ಅಣ್ಣನಿಗೂ ತೋರಿಸಿದಳು. ದೇವಣ್ಣ ಮಗ್ಗದಿಂದ ತಲೆಯೆತ್ತಿ ಹಣ್ಣು ನೋಡಿದ, ಹೆಂಡತಿಯ ಮುಖ ನೋಡಿದ, ಮತ್ತೆ ಲಾಳಿ ಎಸೆದ. ಬೈದಿದ್ದರೆ ವಾಸಿಯಿತ್ತು. ಹಣ್ಣು ರೂಪಳ ಬ್ಯಾಗಿನಲ್ಲಿ ಕೂತು ಮೈಸೂರಿನ ಬಸ್ಸು ಹತ್ತಿತು. ಬೀಜ ಎತ್ತಿಡಮ್ಮ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿದರೆ, ಬೆಳೆದವಳಿಗೆ ಬೀಜವಿಲ್ಲವೇ ಎಂದು ಕೇಳುತ್ತಾಳೆ. ಭಾಗ್ಯಮ್ಮ ಬಾಯಿ ಮುಚ್ಚಿಕೊಂಡು ಕೈ ಬೀಸಿದಳು.

ಚಾಮುಂಡಮ್ಮ ಊರಿಂದ ಬಂದವಳು ಮೊದಲು ಹಿತ್ತಲಿಗೆ ಹೋದಳು. ಆಮೇಲೆ ಇವರ ಬಾಗಿಲಿಗೆ ಬಂದು, ಹನೂರಿನಿಂದ ತಂದಿದ್ದ ಹುಣಸೆಹಣ್ಣಿನ ಗಂಟನ್ನು ಭಾಗ್ಯಮ್ಮನ ಕೈಗಿಟ್ಟಳು.

“ಕೋತಿ ಕಣಕ್ಕ,” ಕೇಳುವ ಮೊದಲೇ ಭಾಗ್ಯಮ್ಮ ಹೇಳಿದಳು. “ನಾನು ಓಡಿ ಓಗದ್ರೊಳಗೆ ಕಿತ್ಕಂಡು ಓಗ್ಬುಡ್ತು.”

“ಬುಡವ್ವ. ಕೋತೀಗೇನ್ ಗೊತ್ತು ಬೀಜದ್ದು, ತಿನ್ನದು.” ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಆ ಸಿಸ್ಟರಮ್ಮ ಈಗ ಬದುಕವ್ರೋ ಇಲ್ವೋ. ಅವರ್ದು ಅಂತ ಇದ್ದದ್ದು ಅದೊಂದೇಯ.”

ಭಾಗ್ಯಮ್ಮನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಕೈಯಲ್ಲಿದ್ದ ಹುಣಸೆಯ ಗಂಟನ್ನು ಎಲ್ಲಿಡಬೇಕೆಂದೂ ತಿಳಿಯಲಿಲ್ಲ.

“ಮೊಮ್ಮಗೀನ ಕೈಗೆ ಕಟ್ಟಕೆ ಒಂದು ಕೆಂಪೆಳೆ ಕೊಡು. ಮಾದಪ್ಪುನ್ಗೆ ಅರ್ಕೆ ಒತ್ಕಂಡಿವ್ನಿ,” ಎಂದಳು ಚಾಮುಂಡಮ್ಮ.

ಸದ್ಯ, ಬೇರೆ ಮಾತು ಬಂತು. ಭಾಗ್ಯಮ್ಮ ಬಾಗಿಲ ಪಕ್ಕದ ಮೊಳೆಗೆ ಕೈ ಚಾಚಿದಳು. ತುಂಡು ಎಳೆಗಳನ್ನೆಲ್ಲ ಅವಳು ಸುತ್ತಿಡುವುದು ಅಲ್ಲೇ. ತಿಂಗಳಿಂದ ಮಗ್ಗದಲ್ಲಿ ಕೆಂಪು ಸೀರೆಯೇ ಇಳಿಯುತ್ತಿದ್ದುದರಿಂದ ಮೊಳೆಯ ತುಂಬ ಕೆಂಪೇ ಕೆಂಪು. ಮೇಲೆ ಮಾತ್ರ ಒಂದು ಸುತ್ತು ನೀಲಿ.

ಚಾಚಿದ ಕೈ ಅಲ್ಲೇ ನಿಂತಿತು.

ಚಾಮುಂಡಮ್ಮ ಮೊಳೆಯನ್ನು ನೋಡಿದಳು. ಮಗ್ಗದ ಸದ್ದೂ ನಿಂತಿತ್ತು.

“ಆ ನೀಲೀದು ಬ್ಯಾಡ,” ಮುದುಕಿ ಮೆಲ್ಲಗೆ ಹೇಳಿದಳು. “ಅದುರ ಕೆಳ್ಗಿಂದು ಕೊಡು.”

ಕೆಳಗಿನದು ಬೇಕಾದರೆ ಮೇಲಿನದನ್ನು ಬಿಚ್ಚಲೇಬೇಕು. ಭಾಗ್ಯಮ್ಮ ಬಿಚ್ಚತೊಡಗಿದಳು. ನೀಲಿ ಎಳೆ ಅವಳ ಅಂಗೈ ಮೇಲೆ ಸುರುಳಿಯಾಗಿ ಬಿತ್ತು. ಗಂಟು ಇದ್ದ ಜಾಗದಲ್ಲಿ ಅದು ಇನ್ನೂ ಸುಕ್ಕಾಗಿಯೇ ಇತ್ತು.