ಗೋಡೆಯಾಚೆಯ ಉತ್ತರ

ಆಫೀಸಿನಲ್ಲಿ ನನಗೆ ಅಪಶಕುನದಕ್ಕ ಎಂದೇ ಹೆಸರು. ಯಾವ ಸಾಫ್ಟ್‌ವೇರ್ ಎಲ್ಲಿ ಕೈಕೊಡಬಹುದು ಎಂದು ಮೊದಲೇ ಹೇಳುವುದು ನನ್ನ ಕೆಲಸ. ನಾನು ಬಾಯಿ ತೆರೆದರೆ ಎಲ್ಲರ ಮುಖ ಹುಳ್ಳಗಾಗುತ್ತದೆ.

ಈ ಸಲ ನನಗೆ ಅನುಮಾನ ಬಂದದ್ದು ತಪ್ಪು ಕಂಡದ್ದಕ್ಕಲ್ಲ, ತಪ್ಪೇ ಕಾಣದ್ದಕ್ಕೆ. ಆಸ್ಪತ್ರೆಯೊಂದಕ್ಕೆ ತೋರಿಸಲು ಮಾಡಿದ್ದ ಮಾದರಿ ಅದು. ವಾರ್ಡಿನ ರೋಗಿಗಳ ಸ್ಥಿತಿಯನ್ನು ಟೈಪು ಮಾಡಿದರೆ, ಮೊದಲು ಯಾವ ಹಾಸಿಗೆಯ ಹತ್ತಿರ ಓಡಬೇಕೆಂದು ಪರದೆ ಹೇಳುತ್ತಿತ್ತು. ಹೇಗೆ ಕೇಳಿದರೂ ಹೇಳುತ್ತಿತ್ತು. ಹೊಸ ಸಾಫ್ಟ್‌ವೇರ್ ಒಮ್ಮೆಯೂ ಮುಗ್ಗರಿಸದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಅದನ್ನು ಮಾಡಿದವನು ನನ್ನ ಒಡಹುಟ್ಟಿದ ತಮ್ಮ. ಯಾರಿಗಾದರೂ ತೋರಿಸಲು ಕುಳಿತ ಕೂಡಲೇ ಅವನಿಗೆ ಹೊಟ್ಟೆನೋವು. ಎದ್ದುಹೋದವನು ಎಲ್ಲ ಮುಗಿದ ಮೇಲೇ ಬರುತ್ತಿದ್ದ. ಅವನ ಹೊಟ್ಟೆ ನನಗೆ ಗೊತ್ತಿಲ್ಲವೇ? ಕಲ್ಲು ತಿಂದು ಕರಗಿಸುವ ಹೊಟ್ಟೆ ಅದು.

ಅಂದು ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ ಬಂದಿದ್ದರು. ಅವರು ಟೈಪು ಮಾಡಿ ಮುಗಿಸುತ್ತಲೇ ಪಕ್ಕದ ಕೋಣೆಯಲ್ಲಿ ಯಾರೋ ಸೀನಿದರು. ಒಂದರ ಹಿಂದೆ ಒಂದು, ಥೇಟ್ ನಮ್ಮಪ್ಪನ ಸೀನು. ಪರದೆಯ ಮೇಲೆ 'ಮೂರನೇ ಹಾಸಿಗೆ' ಎಂದು ಬಂತು.

"ನಾನೂ ಅದನ್ನೇ ಹೇಳ್ತಿದ್ದೆ!" ಡಾಕ್ಟರಮ್ಮನ ಮುಖ ಅರಳಿತು. "ಸೋಮವಾರದಿಂದ್ಲೇ ನಮ್ಮ ವಾರ್ಡಿಗೆ ಹಾಕ್ಬಿಡಿ."

"ಅದಕ್ಕೇನಂತೆ, ಹಾಕೋಣ," ಎಂದರು ನಮ್ಮ ಮ್ಯಾನೇಜರು, ನನ್ನ ಕಡೆ ನೋಡದೆ.

ಅಪ್ಪನನ್ನು ಬಿಟ್ಟರೆ ಹಾಗೆ ಸೀನುವವನು ನನ್ನ ತಮ್ಮನೊಬ್ಬನೇ. ಬಾಯಿ ಬಿಟ್ಟರೆ ತಮ್ಮನ ಕೆಲಸ ಹೋಗುತ್ತದೆ, ಬಿಡದಿದ್ದರೆ ಯಾರದೋ ಜೀವ. ಎದ್ದು ಹೋಗಿ ಪಕ್ಕದ ಬಾಗಿಲು ಬಡಿದೆ.

"ಬಾರೋ, ಡಾಕ್ಟರಮ್ಮ ನಿನ್ನ ನೋಡ್ಬೇಕಂತೆ."

ಬಂದವನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡೆ. "ಈಗ ಇನ್ನೊಂದ್ಸಲ ಕೇಳಿ ಮೇಡಂ."

ಅವರು ಕೇಳಿದರು. ಪರದೆ ಗಪ್‌ಚಿಪ್. ಮ್ಯಾನೇಜರು ನೆಟ್‌ವರ್ಕನ್ನು ಬೈದರು. ತಮ್ಮ ತಲೆ ತಗ್ಗಿಸಿದ.

"ಒಳಗಿಂದ ನಾನೇ ಉತ್ತರ ಒತ್ತುತ್ತಿದ್ದೆ ಅಕ್ಕ. ನರ್ಸ್‌ಗಳು ಏನೇನು ಕೇಳ್ತಾರೆ ಅಂತ ತಿಳ್ಕೊಳ್ಳೋಕೆ ಅಷ್ಟೇ. ಪ್ರೋಗ್ರಾಂ ಇನ್ನೂ ಬರೆದೇ ಇಲ್ಲ. ಮ್ಯಾನೇಜರ್ ಸಾಹೇಬ್ರಿಗೂ ಗೊತ್ತು."

ಪ್ರೋಗ್ರಾಂ ಬರೆಯುವ ಮುಂಚೆ ಮರೆಯಲ್ಲಿ ಮನುಷ್ಯನನ್ನೇ ಕೂರಿಸಿ ಹಾಗೆ ಪರೀಕ್ಷಿಸಿ ನೋಡುವುದು ನಮ್ಮ ಕಸುಬಿನಲ್ಲಿ ತಪ್ಪಲ್ಲ. ಆದರೆ ಮ್ಯಾನೇಜರು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ, ಅದನ್ನು ಮಾರಲೂ ಹೊರಟಿದ್ದರು. ನನಗೆ ಮೈಯೆಲ್ಲ ಉರಿಯಿತು.

ಡಾಕ್ಟರಮ್ಮ ಮಾತ್ರ ರೇಗಲಿಲ್ಲ. ಮೆಲ್ಲಗೆ ಕೇಳಿದರು: "ಮತ್ತೆ ಆ ಮೂರನೇ ಹಾಸಿಗೆ? ಅದು ಸರಿಯಾಗೇ ಇತ್ತಲ್ಲಪ್ಪ. ನಿಂಗೆ ಹೇಗೆ ಗೊತ್ತಾಯ್ತು?"

ತಮ್ಮ ಮೂಗು ಒರೆಸಿಕೊಂಡ.

"ಗೊತ್ತಿರ್ಲಿಲ್ಲ ಮೇಡಂ. ಸೀನು ಬಂತು, ಕೈ ಮೂರಕ್ಕೆ ತಗುಲಿಬಿಡ್ತು."