ಈ ವರ್ಷದ ಹೆಬ್ಬಾತುಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವತ್ತಿನ ದಿನ ಎಂಥ ಸಮಾಧಾನಿಗೂ ಸಿಟ್ಟು ಬರುವಂತಿತ್ತು. ಸೋಲಾಪುರದಲ್ಲಿ ನರ್ಸ್ ಆಗಿರುವ ನನಗೆ ಕ್ರಿಸ್ಮಸ್ಸಿಗೆ ಸಿಕ್ಕಿದ್ದು ನಾಲ್ಕೇ ದಿನ ರಜೆ. ಅಷ್ಟರಲ್ಲಿ ಬೀದರದಿಂದ ಔರಾದವರೆಗಿನ ನೆಂಟರ ಮನೆಗಳನ್ನೆಲ್ಲ ಮುಟ್ಟಬೇಕು. ನಮ್ಮ ಮೆಥಡಿಸ್ಟ್ ಮನೆತನಗಳಲ್ಲಿ ಸುಮ್ಮನೆ ಮುಖ ತೋರಿಸಿ ಬರುವ ಹಾಗಿಲ್ಲ. ಕರ್ಚಿಕಾಯಿ ತಿನ್ನಬೇಕು, ಚಹಾ ಕುಡಿಯಬೇಕು, ಹೊರಡುವ ಮೊದಲು ಪ್ರಾರ್ಥನೆ ಆಗಬೇಕು. ಅದರಲ್ಲಿ ಆ ಮನೆಯ ಒಬ್ಬೊಬ್ಬರ ಹೆಸರನ್ನೂ ಎತ್ತಬೇಕು. ಒಂದು ಹೆಸರು ಬಿಟ್ಟರೆ ಮುಂದಿನ ಕ್ರಿಸ್ಮಸ್ ತನಕ ಮಾತು ಕೇಳಬೇಕು.

ನನ್ನ ಜೀವವೆಲ್ಲ ಇದ್ದದ್ದು ಭಾಲ್ಕಿ ಹತ್ತಿರದ ಕಾರಂಜಾ ಡ್ಯಾಮಿನ ನೀರಿನ ಮೇಲೆ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದಿ ಬಣ್ಣದ ಮೈ, ಬಿಳಿ ತಲೆಯ ಹಿಂದೆ ಎರಡು ಕರಿ ಗೆರೆ. ನನ್ನ ಅಪ್ಪ ಬೆಂಜಮಿನ ಮಾಸ್ತರರು ಹತ್ತೊಂಬತ್ತು ವರ್ಷದಿಂದ ತಪ್ಪದೆ ಕ್ರಿಸ್ಮಸ್ ವಾರದಲ್ಲಿ ಅವನ್ನು ಎಣಿಸುತ್ತ ಬಂದಿದ್ದರು. ಈ ಮಳೆಗಾಲದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಬೀದರದ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಅವತ್ತು ಬೆಳಿಗ್ಗೆ ನಾನೂ ಗಂಡನೂ ಬಾಡಿಗೆ ಜೀಪಿನಲ್ಲಿ ಹೊರಡುವಾಗ ತಮ್ಮ ದುರ್ಬೀನನ್ನು ನನ್ನ ಕೊರಳಿಗೆ ಹಾಕಿದರು.

"ಈ ವರ್ಸದ್ದು ತಪ್ಪಸಬ್ಯಾಡ ಪ್ರಿಸಿಲ್ಲಾ. ಎಷ್ಟು ಬಂದಾವ ಅಂತ ಹೇಳು ಸಾಕು, ಉಳಿದದ್ದು ನಾ ಮಲಕೊಂಡಲ್ಲೇ ನೋಡ್ತೇನಿ."

ಆ ಮಾತಿಗೆ ನನ್ನ ಕಣ್ಣು ತುಂಬಿ ಬಂದವು. ಏನೇ ಆದರೂ ಸಂಖ್ಯೆ ತಂದೇ ತರುತ್ತೇನೆ ಅಂದೆ.

ಔರಾದದಲ್ಲಿ ನನ್ನ ಗಂಡ ಸುಶೀಲಕುಮಾರನ ಅಣ್ಣನ ಮನೆ. ಅಲ್ಲಿ ಮೂರನೇ ಚಹಾ ಮುಗಿಯುವಷ್ಟರಲ್ಲಿ ಎರಡು ಗಂಟೆ. ಭಾಲ್ಕಿಯಲ್ಲಿ ಲಿಲ್ಲಿ ಅತ್ತೆಯ ಮನೆ ಮುಟ್ಟಿದಾಗ ಮೂರೂವರೆ. ಲಿಲ್ಲಿ ಅತ್ತೆ ಅಪ್ಪನಿಗೆ ಒಬ್ಬಳೇ ತಂಗಿ. ಅವಳ ಗಂಡ ಜಾಕ್ಸನ ಮಾಮಾ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಆಮೇಲೆ ಅತ್ತೆ ಚರ್ಚೊಂದು ಬಿಟ್ಟರೆ ಅಂಗಳ ದಾಟಿದವಳಲ್ಲ. ಬೀದರಕ್ಕೆ ಬಾ ಎಂದು ಅಪ್ಪ ದಿನಾ ಫೋನಿನಲ್ಲಿ ಗೋಗರೆಯುತ್ತಿದ್ದರು, ಅವಳು ನಾಳೆ ನಾಡಿದ್ದು ಎನ್ನುತ್ತಿದ್ದಳು.

ಹೊತ್ತು ಮುಳುಗುವಾಗ ಹೆಬ್ಬಾತುಗಳು ನೀರಿಗೆ ಇಳಿಯುತ್ತವೆ, ಐದಕ್ಕಾದರೂ ದಂಡೆಯಲ್ಲಿರಬೇಕು. ನಾಲ್ಕೂಕಾಲಿಗೆ ನಾನು ಎದ್ದು ನಿಂತೆ.

"ಪ್ರಾರ್ಥನಾ ನೀನೇ ಮಾಡವ್ವಾ" ಎಂದಳು ಅತ್ತೆ.

ಆ ಮನೆಗೆ ನಾನು ವರ್ಷವರ್ಷ ಮಾಡುವ ಪ್ರಾರ್ಥನೆ ಒಂದೇ, ನನಗದು ಬಾಯಿಪಾಠ. ಕಣ್ಣು ಮುಚ್ಚಿ ಪ್ರಾರ್ಥನೆಯ ಗಾಡಿ ಬಿಟ್ಟೆ ನೋಡಿ. ಅತ್ತೆಯ ಮೊಣಕಾಲು, ಪರವೂರಲ್ಲಿರುವ ಮಗನ ನೌಕರಿ, ಸೊಸೆಯ ಬಾಣಂತನ ಒಂದೂ ಬಿಡಲಿಲ್ಲ. "ತಂದೆಯೇ, ಜಾಕ್ಸನ ಮಾಮಾ ಅವರ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡು, ಅವರಿಗೆ ದೀರ್ಘಾಯುಷ್ಯ ಕೊಡು, ಆಮೆನ್."

ಆಮೆನ್ ಎಂದವಳು ನಾನೊಬ್ಬಳೇ. ಅದೂ ನನ್ನ ತಲೆಗೆ ಹೋಗಲಿಲ್ಲ. ಅತ್ತೆ ಕರ್ಚಿಕಾಯಿಯ ಡಬ್ಬಿ ಕೈಗಿಟ್ಟಳು, ನಾನು ಓಡಿ ಜೀಪು ಹತ್ತಿದೆ.

ದಾರಿಯುದ್ದಕ್ಕೂ ಸುಶೀಲಕುಮಾರ ಮಾತಾಡಲಿಲ್ಲ. ಡ್ಯಾಮಿನ ಕಡೆ ತಿರುಗಿದಾಗ ನನಗೆ ತಡೆಯಲಾಗಲಿಲ್ಲ.

"ಯಾಕ್ರಿ, ಬಾಯಿಗಿ ಬೀಗ ಹಾಕೊಂಡೀರಿ?"

"ಹೇಳಬೇಕೋ ಬ್ಯಾಡೋ ಅಂತ ವಿಚಾರ ಮಾಡ್ಲತ್ತೀನಿ" ಎಂದ ಅವನು, ಮೆಲ್ಲಗೆ. "ಜಾಕ್ಸನ ಮಾಮಾಗ ದೀರ್ಘಾಯುಷ್ಯ ಬೇಡಿ ಬಂದಿ. ಆತುರಗಾರಗ ಬುದ್ಧಿ ಮಟ್ಟ ಅಂತಾರ, ಖರೇ ಅದ."

ಅಯ್ಯೋ ದೇವರೇ! ಆ ಮನುಷ್ಯನ ಶವಪೆಟ್ಟಿಗೆಯ ಮೇಲೆ ನನ್ನ ಕೈಯಾರೆ ಮಣ್ಣು ಹಾಕಿ ಬಂದಿದ್ದೆ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ಅಲ್ಲೇ ಹೇಳ್ಲಿಕ್ಕ ಏನಾಗಿತ್ರಿ ನಿಮಗ?" ಎಂದು ಗಂಡನ ಮೇಲೆ ಹರಿಹಾಯ್ದೆ. ಅವನು ಪಾಪ, ಸುಮ್ಮನೆ ಬೈಸಿಕೊಂಡ.

ಜೀಪು ನಿಂತಿತ್ತು. ನೀರು ಕಾಣುತ್ತಿತ್ತು. ದೂರದ ಜೋಳದ ಹೊಲಗಳ ಮೇಲಿಂದ ಸಾಲು ಕಟ್ಟಿ ಬರುತ್ತಿದ್ದ ಹೆಬ್ಬಾತುಗಳ ಕೂಗೂ ಕೇಳುತ್ತಿತ್ತು. ಡ್ರೈವರ್ ನಜಮೋದ್ದೀನ ತಿರುಗಿ ನೋಡಿದ.

"ಮೇಡಂ, ಅರ್ಧಾ ತಾಸಿನ ಮಾತು. ಎಣಿಸಿ ಬರ್ರಿ, ಆಮ್ಯಾಲ ಭಾಲ್ಕಿಗಿ ಹೋದರಾತು."

ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ದುರ್ಬೀನು ಕೈಯಲ್ಲೇ ಇತ್ತು, ಅಪ್ಪ ಫೋನಿಗಾಗಿ ಕಾಯುತ್ತಿದ್ದರು. ನಾಳೆ ಬೆಳಿಗ್ಗೆ ಬಗದಲ್‌ನ ನೆಂಟರು, ಮಧ್ಯಾಹ್ನ ಸೋಲಾಪುರದ ಬಸ್ಸು. ಇವತ್ತು ತಪ್ಪಿದರೆ ತಪ್ಪಿತು. ಆದರೆ ದೀರ್ಘಾಯುಷ್ಯದ ಆ ಮಾತು ಕೇಳಿಸಿಕೊಂಡು ಅತ್ತೆ ಒಬ್ಬಳೇ ನಮ್ಮ ಚಹಾದ ಕಪ್ಪು ತೊಳೆಯುತ್ತಿರುತ್ತಾಳೆ.

"ತಿರುಗಸ್ರಿ ಗಾಡಿ" ಅಂದೆ.

ಅತ್ತೆ ಬಾಗಿಲು ತೆಗೆದಳು. ಕಣ್ಣು ಕೆಂಪಾಗಿದ್ದವು. ನಾನು ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. "ತಪ್ಪಾತು ಅತ್ತಿ, ನನ್ನ ಬಾಯಿಗಿ ಬೆಂಕಿ ಹಚ್ಚಲಿ."

"ಏ ಹುಚ್ಚಿ, ಅಳಬ್ಯಾಡ" ಎಂದು ನನ್ನ ಬೆನ್ನು ಸವರಿದಳು. "ಮೂರು ತಿಂಗಳಾತು, ಈ ಮನಿಗಿ ಬಂದೋರು ಒಬ್ಬರೂ ಅವರ ಹೆಸರು ತೆಗೀವಲ್ರು. ನಾ ಅಳ್ತೇನಿ ಅಂತ ಅಂಜತಾರ. ನೀ ಸಕ್ಕರಿ ಕಾಯಿಲಿ ಅಂದಿ ನೋಡು, ಒಂದು ಗಳಿಗಿ ಅವರು ಒಳಗ ಕುಂತು ಕದ್ದು ಬೆಲ್ಲ ತಿನ್ಲತ್ತಾರೇನೋ ಅನಸ್ತು. ಎದ್ದು ಹೋಗಿ ನೋಡಬೇಕು ಅನಸ್ತು."

ಹೇಳುತ್ತ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ನಾವು ಮೂವರೂ ಕೂತು ಮಾಮಾನ ಸುದ್ದಿಯನ್ನೇ ಮಾತಾಡಿದೆವು. ಅವರ ಗೊರಕೆ, ಚರ್ಚಿನಲ್ಲಿ ಅವರು ಶ್ರುತಿ ಬಿಟ್ಟು ಹಾಡುತ್ತಿದ್ದದ್ದು, ಒಂದೂ ಬಿಡಲಿಲ್ಲ. ಹೊರಗೆ ಕತ್ತಲಾದದ್ದು ನೋಡಿ ಅತ್ತೆ ಒಮ್ಮೆಲೇ ಕೇಳಿದಳು.

"ಅಣ್ಣನ ಹಕ್ಕಿ ಎಣಿಸ್ದಿ?"

"ಇಲ್ಲ ಅತ್ತಿ."

"ಅಯ್ಯ, ಮತ್ತ ಅಂವಗ ಏನ ಹೇಳ್ತಿ? ಪಾಪ, ಹಾದಿ ನೋಡ್ಲತ್ತಿರಬೇಕು. ಇಲ್ಲೇ ಮಲಕೋರಿ. ನಸುಕಿನಾಗ ಹಕ್ಕಿ ಏನು ನೀರು ಬಿಟ್ಟು ಓಡಿಹೋಗಿರ್ತಾವೇನು? ನಾನೂ ಬರ್ತೇನಿ."

ನಾನೂ ಗಂಡನೂ ಮುಖ ಮುಖ ನೋಡಿಕೊಂಡೆವು. ಬಗದಲ್‌ನವರ ಉಪ್ಪಿಟ್ಟು ತಣ್ಣಗಾದರೆ ಆಗಲಿ ಎಂದುಕೊಂಡೆ.

ಮರುದಿನ ಬೆಳಕು ಹರಿಯುವ ಮೊದಲೇ ಕಾರಂಜಾ ದಂಡೆಯಲ್ಲಿದ್ದೆವು. ಚಳಿ ಎಂದರೆ ಚಳಿ. ಅತ್ತೆ ಸೀರೆಯ ಮೇಲೆ ಮಾಮಾನ ಕಂದು ಸ್ವೆಟರ್ ಹಾಕಿಕೊಂಡು ಬಂದಿದ್ದಳು. ಮಂಜು ತೆಳುವಾದ ಹಾಗೆ ಕೆಸರಿನ ಅಂಚಿನಲ್ಲಿ ಹೆಬ್ಬಾತುಗಳು ಒಂದೊಂದಾಗಿ ಕಂಡವು. ಅತ್ತೆ ದುರ್ಬೀನು ಕಣ್ಣಿಗೆ ಹಿಡಿದು ಜೋರಾಗಿ ಎಣಿಸತೊಡಗಿದಳು. ನಲವತ್ತಕ್ಕೆ ಬಂದು ತಪ್ಪುವುದು, ಮತ್ತೆ ಒಂದರಿಂದ ಶುರು ಮಾಡುವುದು. "ಮನಸಿನಾಗ ಎಣಿಸು ಅತ್ತಿ, ನಿನ್ನ ಸಂಗಟ ನಂದೂ ತಪ್ಪಲತ್ತದ" ಎಂದು ಗದರಿಸಿದೆ. ಅವಳು ಕೇಳಲಿಲ್ಲ. ಬಿಸಿಲು ನೀರಿಗೆ ಬೀಳುವಾಗ ನನ್ನದು ಇನ್ನೂರಾ ಹದಿನಾಲ್ಕಕ್ಕೆ ನಿಂತಿತು. ಎರಡು ಸಲ ಎಣಿಸಿದರೂ ಅಷ್ಟೇ ಬಂತು.

ಅಪ್ಪನಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು.

"ಅಪ್ಪಾ, ಲಿಲ್ಲಿ ಅತ್ತಿ ಸಂಗಟ ಕಾರಂಜಾ ದಂಡಿಗಿ ನಿಂತೀನಿ. ಈ ವರ್ಸ ಎರಡು ನೂರಾ..."

"ಲಿಲ್ಲಿ?" ಅಪ್ಪ ನಡುವೆಯೇ ತಡೆದರು. "ಲಿಲ್ಲಿ ಹೊರಗ ಬಂದಾಳ?"

"ಹೂಂ, ಇಲ್ಲೇ ಇದ್ದಾಳ. ಎರಡು ನೂರಾ..."

"ಅದು ಇರ್ಲಿ ಬಿಡವ್ವಾ. ಆಕಿ ಕೈಗಿ ಫೋನ್ ಕೊಡು."

ಕೊಟ್ಟೆ. ಅತ್ತೆ ಬಹಳ ಹೊತ್ತು ಬರೀ ಹೂಂ, ಹೂಂ ಎನ್ನುತ್ತಿದ್ದಳು. ಅತ್ತ ಕಡೆ ಅಪ್ಪ ಅಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಕೊನೆಗೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಳಬ್ಯಾಡ ಅಣ್ಣಾ. ಇವರ ಜೀಪಿನಾಗೇ ಬೀದರಕ್ಕ ಬರ್ತೇನಿ. ಎಷ್ಟು ಹಕ್ಕಿ ಅಂತ ನಾನೇ ಬಂದು, ನಿನ್ನ ಬಾಜೂ ಕುಂತು ಹೇಳ್ತೇನಿ."