ಶರಭದ ಕಡೆಯ ಎರಡು ಕಾಲು

ಉದಗಾಂವದ ಬಸಗೊಂಡ ಪಾಟೀಲರು ಯಾರ ಮುಂದೆಯೂ ನಡೆದವರಲ್ಲ. ಆರಡಿಯ ಆಳು, ತಾಲೀಮಿನ ಕೆಮ್ಮಣ್ಣಿನಲ್ಲಿ ಹದಗೊಂಡ ಹೆಗಲು, ಕುಸ್ತಿಯಲ್ಲಿ ಮುದುಡಿ ಗಂಟಾದ ಎಡಗಿವಿ. ಇಂಥ ಮನುಷ್ಯ ಎದುರಿಗೆ ಬಂದರೆ ಸಂತೆಯ ಜನ ತಾವಾಗಿಯೇ ದಾರಿ ಬಿಟ್ಟಾರು. ಆದರೆ ಅವರು ಎದುರಿಗೆ ಬರುವುದೇ ಅಪರೂಪ. ಬಸದಿಗೆ ಹೊರಟರೆ ಹೆಂಡತಿ ಚಂಪಾಬಾಯಿಯವರ ಹಿಂದೆ, ಮದುವೆಯ ಮೆರವಣಿಗೆಯಲ್ಲಿ ಎಲ್ಲರಿಗಿಂತ ಹಿಂದೆ, ತಮ್ಮದೇ ಬದನೆಯ ತೋಟದಲ್ಲಿ ಕೂಲಿಯಾಳುಗಳ ಹಿಂದೆ. ಸೊಂಟ ತುಸು ಬಾಗಿ, ತಲೆ ತಗ್ಗಿ, ದೃಷ್ಟಿ ಮುಂದಿನವರ ಹಿಮ್ಮಡಿಯ ಮೇಲೆ ನೆಟ್ಟು, ಅವರು ಎಡಗಾಲೆತ್ತಿದರೆ ತಾವೂ ಎಡಗಾಲೆತ್ತಿ, ಅವರು ನಿಂತರೆ ತಾವೂ ನಿಲ್ಲುವ ಈ ನಡಿಗೆಯನ್ನು ಹೊಸಬರು ವಿನಯವೆಂದು ಕೊಂಡಾಡುತ್ತಾರೆ, ಬಲ್ಲವರು ಮುಗುಳ್ನಗುತ್ತಾರೆ. ಇಚಲಕರಂಜಿಯ ಹವ್ಯಾಸಿ ಕನ್ನಡ ನಾಟಕ ಮಂಡಳಿಯಲ್ಲಿ ಬಸಗೊಂಡರು ಮೂವತ್ತು ವರ್ಷಗಳಿಂದ ಶರಭದ ಹಿಂಗಾಲು.

ಶರಭವನ್ನು ಕಾಣದವರಿಗಾಗಿ ಇಷ್ಟು ಹೇಳಬೇಕು: ಸಿಂಹದ ಮೈ, ಹಕ್ಕಿಯ ರೆಕ್ಕೆ, ಎಂಟು ಕಾಲು, ಆನೆಯನ್ನೂ ಸಿಂಹವನ್ನೂ ಮೀರಿದ ಬಲ. ಪುರಾಣಗಳು ಕಲ್ಪಿಸಿದ ಸಂಕರಜೀವಿಗಳಲ್ಲೆಲ್ಲ ಇದಕ್ಕಿರುವ ಉಗ್ರಗಾಂಭೀರ್ಯ ಬೇರೆ ಯಾವುದಕ್ಕೂ ಇಲ್ಲ. ಶೈವರು ಇದನ್ನು ಶಿವನ ರೂಪವೆನ್ನುತ್ತಾರೆ, ವೈಷ್ಣವರು ಒಪ್ಪುವುದಿಲ್ಲ. ಈ ವಿವಾದದಲ್ಲಿ ತಮ್ಮ ಪಕ್ಷ ಯಾವುದೆಂದು ಒಮ್ಮೆ ಯಾರೋ ಕೇಳಿದಾಗ ಬಸಗೊಂಡರು, ‘ನಾವು ಬಸದಿ ಮಂದಿರಿ. ಯಾರ ಗೆದ್ರೂ ನಮಗೇನ ಬ್ಯಾಸರಿಲ್ಲ. ಪ್ರಾಣಿ ಮಾತ್ರ ಭಾಳ ಛಲೋ ಐತಿ’ ಎಂದು ಮಾತು ಮುಗಿಸಿದ್ದರು. ನಮ್ಮ ಸೀಮೆಯ ಕೋಟೆಗಳ ಬಾಗಿಲ ಮೇಲೆ, ಒಂದು ಪಂಜವನ್ನೆತ್ತಿ ಪುಟ್ಟ ಆನೆಯನ್ನು ಅದುಮಿ ಹಿಡಿದ ಶರಭಗಳನ್ನು ಕೆತ್ತಿರುವುದುಂಟು. ಆ ಶಿಲ್ಪಗಳಿಗೆ ಬಹುಪಾಲು ನಾಲ್ಕೇ ಕಾಲು. ಅದನ್ನು ತೋರಿಸಿ ಕೆಣಕಿದರೆ ಅವರು ಶಾಂತವಾಗಿ, ಉಳಿದ ನಾಲ್ಕು ಕಲ್ಲಿನ ಆಚೆ ಬದಿಗೆ ಇವೆ, ಗೋಡೆ ಒಡೆದು ನೋಡಿದವರು ಯಾರಿದ್ದಾರೆ ಎನ್ನುತ್ತಿದ್ದರು.

ಮಂಡಳಿಯ ಶರಭ ಹುಟ್ಟಿದ್ದು ಯಡ್ರಾವದ ಒಂದು ಮಗ್ಗದ ಶೆಡ್ಡಿನ ಹಿಂಭಾಗದಲ್ಲಿ. ಬಿದಿರಿನ ಚೌಕಟ್ಟು, ಅದರ ಮೇಲೆ ಮಗ್ಗದಿಂದಿಳಿದು ಬಣ್ಣ ಕಾಣದೆ ಉಳಿದ ದೋಷದ ಬಟ್ಟೆ, ಆ ಬಟ್ಟೆಗೆ ಇವರೇ ಬಳಿದ ಅರಿಸಿನ ಮತ್ತು ಕಾವಿ. ಒಳಗೆ ನಾಲ್ಕು ಜನ, ಒಬ್ಬೊಬ್ಬರದು ಎರಡೆರಡು ಕಾಲು. ಮುಂದಿನವನು ತಲೆಯನ್ನು ಆಡಿಸುತ್ತಾನೆ, ಅವನಿಗೆ ಶರಭದ ಬಾಯಿಯೊಳಗಿಂದ ಜಗತ್ತು ಕಾಣಿಸುತ್ತದೆ. ನಡುವಿನ ಇಬ್ಬರು ರೆಕ್ಕೆಯ ಹಗ್ಗ ಎಳೆಯುತ್ತಾರೆ. ಕಡೆಯವನಿಗೆ ಬಾಲವೂ ಅವನದೇ, ಚೌಕಟ್ಟಿನ ಮುಕ್ಕಾಲು ಭಾರವೂ ಅವನದೇ. ಅವನಿಗೆ ಕಾಣುವುದು ಮುಂದಿನವನ ಬೆವರಿದ ಬೆನ್ನು ಮತ್ತು ತನ್ನ ಪಾದದ ಸುತ್ತಲಿನ ಗೇಣಗಲ ನೆಲ. ಮುಂದಿನ ಜೋಡಿಗಳು ಬದಲಾದವು: ಒಬ್ಬನಿಗೆ ನೌಕರಿ ಬಂತು, ಒಬ್ಬನಿಗೆ ಹೊಟ್ಟೆ ಬಂತು, ಒಬ್ಬ ಹೆಂಡತಿಯ ಮಾತಿಗೆ ಕಟ್ಟುಬಿದ್ದ. ಕಡೆಯ ಜೋಡಿ ಮಾತ್ರ ಒಂದೇ.

ಪ್ರಯೋಗದ ದಿನ ಬಸಗೊಂಡರ ನಡೆವಳಿಕೆಗೆ ಒಂದು ವಿಧಿಯಿತ್ತು. ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲವಾದ್ದರಿಂದ, ಉಳಿದವರು ಬಣ್ಣ ಹಚ್ಚಿಕೊಳ್ಳುವಾಗ ಇವರು ರಂಗದ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚುತ್ತಿದ್ದರು. ಆಮೇಲೆ ತಮ್ಮ ಮದುವೆಯ ಕಾಲದ ಕರಿಯ ಕೋಟನ್ನು, ಮೊಣಕೈಯಲ್ಲಿ ನವೆದು ಹೊಳೆಯುತ್ತಿದ್ದ ಆ ಕೋಟನ್ನು, ಕಳಚಿ, ಧೂಳು ಕೊಡವಿ, ಸಭಾಗೃಹದ ಮೊದಲ ಸಾಲಿನ ಯಾವುದಾದರೊಂದು ಕುರ್ಚಿಯ ಬೆನ್ನಿಗೆ ತೊಡಿಸಿ ಬರುತ್ತಿದ್ದರು. ತಮ್ಮ ಕಡೆಯಿಂದ ಒಬ್ಬರಾದರೂ ನಾಟಕ ನೋಡಲಿ ಎಂದು. ಚಂಪಾಬಾಯಿಯವರಂತೂ ಬಂದವರಲ್ಲ. ಬಟ್ಟೆಯೊಳಗೆ ಹೊಕ್ಕು ಬೆವರಿ ಬರುವುದನ್ನು ನೋಡಲು ಕೊಲ್ಹಾಪುರದವರೆಗೆ ಏಕೆ ಹೋಗಬೇಕು, ಕಬ್ಬಿನ ಗದ್ದೆಯಲ್ಲಿ ದಿನವೂ ನೋಡುತ್ತೇನಲ್ಲ ಎನ್ನುವುದು ಆ ತಾಯಿಯ ವಾದ.

ಇತ್ತೀಚಿನ ವರ್ಷಗಳಲ್ಲಿ ಶರಭ ಎಂಬ ಹೆಸರು ಎಲ್ಲೆಲ್ಲೋ ಕಾಣಿಸಿಕೊಳ್ಳತೊಡಗಿತು. ಮಾಯಾಲೋಕದ ಧಾರಾವಾಹಿಗಳಲ್ಲಿ, ಮಕ್ಕಳ ಚಿತ್ರಕಥೆಗಳಲ್ಲಿ, ಮೊಬೈಲಿನ ಆಟಗಳಲ್ಲಿ, ನಕ್ಷತ್ರಯಾನದ ಕಾದಂಬರಿಗಳಲ್ಲಿ. ಯಾರೇ ಬಂದು ಇಂಥ ಸುದ್ದಿ ಹೇಳಿದರೂ ಬಸಗೊಂಡರ ಮೊದಲ ಪ್ರಶ್ನೆ ಒಂದೇ: ‘ಕಾಲ ಎಷ್ಟ ಅದಾವ್ರಿ?’ ಕೊಲ್ಹಾಪುರದಲ್ಲಿ ಚಿತ್ರೀಕರಣಕ್ಕೆ ಬಂದಿದ್ದ ಒಂದು ಧಾರಾವಾಹಿಯವರು ಇವರ ಕೀರ್ತಿ ಕೇಳಿ ಕರೆಸಿಕೊಂಡರು. ಹೋಗಿ ನೋಡಿದರೆ ರಾಕ್ಷಸರಾಜನ ವಾಹನವಾದ ಅವರ ಶರಭಕ್ಕೆ ನಾಲ್ಕೇ ಕಾಲು. ಬಸಗೊಂಡರು ಒಳಹೊಗಲು ಒಪ್ಪಲಿಲ್ಲ. ಎಂಟು ಕಾಲು ಮಾಡಿ, ಇಲ್ಲವೆ ಹೆಸರು ಬದಲಿಸಿ ಎಂದು ಮರದ ನೆರಳಿನಲ್ಲಿ ಕುಳಿತುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ನಿರ್ದೇಶಕ ಸೋತು ಆ ಪ್ರಾಣಿಗೆ ಅಗ್ನಿಸಿಂಹವೆಂದು ನಾಮಕರಣ ಮಾಡಿದ. ಇವರು ಅತ್ಯಂತ ಪ್ರಸನ್ನಚಿತ್ತದಿಂದ ಎದ್ದು ಹೋಗಿ ಅಗ್ನಿಸಿಂಹದ ಹಿಂಗಾಲಾದರು. ತಮ್ಮನ ಮಗ ಜಿನೇಶ ಆಡುವ ಮೊಬೈಲ್ ಆಟದಲ್ಲಿ ಶರಭವು ಏಳನೆಯ ಹಂತವನ್ನು ಕಾಯುವ ಶತ್ರು. ಅದಕ್ಕೆ ಎಂಟೂ ಕಾಲಿದ್ದವು. ಜಿನೇಶ ಸೋತು ತಲೆಗೆ ಕೈಹೊತ್ತಾಗ ದೊಡ್ಡಪ್ಪ ಪಕ್ಕದಲ್ಲಿ ಕುಳಿತು ಸಂತೋಷಪಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಯಾವುದೋ ವೈಜ್ಞಾನಿಕ ಕಥೆಯಲ್ಲಿ ಶರಭವೆಂಬುದು ಒಂದು ಗ್ರಹವೆಂದು ತಿಳಿದಾಗ ಮಾತ್ರ ಅವರು ಬಹಳ ಹೊತ್ತು ಯೋಚಿಸಿದರು. ಆ ಗ್ರಹಕ್ಕೆ ಎಂಟು ಚಂದ್ರರಿದ್ದಾರೆಂದು ಗೊತ್ತಾದ ಮೇಲೆ, ಹಾಗಾದರೆ ನಡೆಯುತ್ತದೆ ಎಂದು ಮಂಜೂರು ಮಾಡಿದರು.

ಇಂಥ ಮನುಷ್ಯನ ಮುಂದೆ ಮಂಡಳಿಯ ಅಧ್ಯಕ್ಷ ಬಾಪೂಸಾಹೇಬರು ಹೋದ ವರ್ಷ ಒಂದು ಮಾತನ್ನು ತಂದಿಟ್ಟರು. ಅವರು ಮಗ್ಗಗಳ ಮಾಲಕರು, ಸಜ್ಜನರು, ಬಟ್ಟೆಯ ಸೆಕೆಯಲ್ಲಿ ಅರವತ್ತರ ಹತ್ತಿರದ ಮನುಷ್ಯನೊಬ್ಬ ಬೇಯುವುದನ್ನು ನೋಡಲಾರದೆ ಬಂದವರು. ಮುಂದಿನ ವರ್ಷದಿಂದ ರಂಗದ ಹಿಂದೆ ದೊಡ್ಡ ಎಲ್‌ಇಡಿ ಪರದೆ ತರಿಸುವುದು, ಶರಭ ಅದರ ಮೇಲೆಯೇ ಓಡುವುದು, ಹಾರುವುದು. ಬಿದಿರಿನ ಪ್ರಾಣಿಗೆ ವಿಶ್ರಾಂತಿ. ಕಾಲು ಎಷ್ಟು ಎಂದು ಬಸಗೊಂಡರು ಕೇಳಿದರು. ನೀವು ಹೇಳಿದಷ್ಟು ಎಂದರು ಬಾಪೂಸಾಹೇಬರು. ತಾವು ಜೀವಮಾನವೆಲ್ಲ ಕಾಯ್ದುಕೊಂಡು ಬಂದ ಎಂಟು ಕಾಲನ್ನು ಯಾರೋ ಬೆರಳ ತುದಿಯಲ್ಲಿ ಹತ್ತಾಗಿಸಬಹುದು, ನೂರಾಗಿಸಬಹುದು ಎಂಬುದು ಬಸಗೊಂಡರಿಗೆ ನುಂಗಲಾರದ ತುತ್ತಾಯಿತು. ಕಡೆಗೆ ತಗ್ಗಿದ ದನಿಯಲ್ಲಿ ಹೇಳಿದರು:

‘ಈ ವರ್ಷ ಕೊಲ್ಹಾಪುರದ ನಾಟಕ ಸ್ಪರ್ಧಾದಾಗ ಗೆದ್ರ ಪ್ರಾಣಿ ಇರ್ಲಿ, ಸಾಹೇಬ್ರ. ಸೋತ್ರ ನನ್ನ ಕೈಯಾರೆ ಬಿಚ್ಚಿ, ಬಿದರ ಬ್ಯಾರೆ ಬಟ್ಟಿ ಬ್ಯಾರೆ ಮಾಡಿ ನಿಮ್ಮ ಶೆಡ್ಡಿಗೆ ತಂದ ಇಡ್ತೇನಿ.’

ಆ ವರ್ಷದ ನಾಟಕವನ್ನು ಬರೆದವಳು ನೂತನ ಚೌಗುಲೆ, ಗಡಹಿಂಗ್ಲಜದ ತರುಣಿ, ಶಾಲೆಯ ಶಿಕ್ಷಕಿ, ಮಂಡಳಿಯ ಹೊಸ ನಿರ್ದೇಶಕಿ. ಕಥೆ ಹೀಗೆ: ಶರಭವೆಂಬ ಆಕಾಶನೌಕೆ ಕೆಂಪು ಗ್ರಹವೊಂದರ ಕಣಿವೆಗೆ ಬಿದ್ದು ಒಡೆಯುತ್ತದೆ. ಬದುಕಿ ಉಳಿದವಳು ಒಬ್ಬಳೇ ಹುಡುಗಿ. ನೌಕೆಯ ಯಂತ್ರಬುದ್ಧಿ ಮಾತ್ರ ಸಾಯದೆ ತನ್ನ ಹೆಸರಿನ ಅರ್ಥವನ್ನು ಹುಡುಕುತ್ತ ಹುಡುಕುತ್ತ ಪುರಾಣದ ಶರಭದ ಮೈಯನ್ನೇ ಧರಿಸುತ್ತದೆ. ಹುಡುಗಿಯನ್ನು ಕಣಿವೆಯಿಂದ ಶಿಖರಕ್ಕೆ ಕರೆದೊಯ್ದು ಭೂಮಿಗೆ ಸಂದೇಶ ತಲುಪಿಸುತ್ತದೆ. ಕೇಳಿದ ಬಸಗೊಂಡರಿಗೆ ನೂತನಳ ಮೇಲೆ ಅಭಿಮಾನ ಉಕ್ಕಿತು. ಹೆಸರು ಇಟ್ಟುಕೊಂಡವರೆಲ್ಲ ಹೀಗೆ ಮೂಲಕ್ಕೆ ಮರಳಬೇಕು ಎಂದರಂತೆ.

ಕೊಲ್ಹಾಪುರದ ಆ ಸಂಜೆಯ ಪ್ರಯೋಗಕ್ಕೆ ಮಂಡಳಿಯವರ ಜೊತೆ ಹೋಗಿದ್ದ ನಾನು ಮೂರನೆಯ ಸಾಲಿನಲ್ಲಿದ್ದೆ. ಸ್ಪರ್ಧೆಯಲ್ಲಿ ಮರಾಠಿ ನಾಟಕಗಳೇ ಹೆಚ್ಚು. ಗಡಿಯ ಕನ್ನಡ ಎಲ್ಲರಿಗೂ ತಿಳಿದೀತೋ ಇಲ್ಲವೋ ಎಂಬ ಅಳುಕು ನಮ್ಮೆಲ್ಲರಿಗೂ. ಮೊದಲ ಸಾಲಿನಲ್ಲಿ ಕೋಟು ತೊಟ್ಟ ಕುರ್ಚಿಯ ಮೇಲೆ ಹಸಿರು ಸೀರೆಯ ಒಬ್ಬ ಹೆಂಗಸು ಬಂದು ಕುಳಿತು, ಕೋಟನ್ನು ಬಿಡಿಸಿ ಮಡಿಲಲ್ಲಿಟ್ಟುಕೊಂಡರು. ಚಂಪಾಬಾಯಿ. ಇನ್ನು ಬಿಚ್ಚಿಹೋಗಬಹುದಾದ ಪ್ರಾಣಿಯನ್ನು ಒಮ್ಮೆಯಾದರೂ ನೋಡಿಬಿಡೋಣವೆಂದು, ಗಂಡನಿಗೆ ಹೇಳದೆ, ಜಿನೇಶನ ಗಾಡಿಯಲ್ಲಿ ಬಂದಿದ್ದರು.

ಕಡೆಯ ದೃಶ್ಯ ಆರೋಹಣದ್ದು. ಹಲಗೆಗಳನ್ನು ಓರೆಯಾಗಿ ಜೋಡಿಸಿ ಕೆಂಪು ಬೆಟ್ಟ ಮಾಡಿದ್ದರು. ಹುಡುಗಿಯ ಪಾತ್ರದ ರುಪಾಲಿ ಶರಭದ ಕೊರಳಿಗೆ ಕೈಯಾನಿಸಿ ಹತ್ತತೊಡಗಿದಳು. ನಡುದಾರಿಯಲ್ಲಿ ಎರಡು ಹಲಗೆಗಳ ಸಂದಿಗೆ ಮುಂಗಾಲಿನ ಕೃಷ್ಣಾತನ ಬಲಪಾದ ಸಿಕ್ಕಿ ತಿರುಚಿತು. ಶರಭ ನಿಂತಿತು. ತಲೆ ವಾಲಿತು. ಸಂಗೀತದವರು ಅದೇ ಸಾಲನ್ನು ಮತ್ತೆ ನುಡಿಸಿದರು, ಮತ್ತೊಮ್ಮೆ ನುಡಿಸಿದರು. ಪಕ್ಕದಲ್ಲಿ ನಿಂತಿದ್ದ ನೂತನಳ ಕೈ ಅಂಕದ ಪರದೆ ಇಳಿಸುವ ಹಗ್ಗದ ಮೇಲಿತ್ತೆಂದು ಆಮೇಲೆ ಕೇಳಿದೆ.

ಒಳಗಿನ ಕತ್ತಲಲ್ಲಿ ಬಸಗೊಂಡರಿಗೆ ಏನೂ ಕಾಣಲಿಲ್ಲ. ಆದರೆ ಚೌಕಟ್ಟಿನ ಭಾರ ಒಮ್ಮೆಲೇ ಬಲಕ್ಕೆ ಸರಿದದ್ದು ಹೆಗಲಿಗೆ ತಿಳಿಯಿತು. ಮುಂದುಗಡೆಯಿಂದ ಕೃಷ್ಣಾತನ ನರಳಿಕೆ ಕೇಳಿಸಿತು. ‘ಕಾಕಾ, ಪಾಯ ಗೇಲಾ, ಕಾಲ ಹೋತು. ಊರಾಕ ಬರವಲ್ದು.’ ಪ್ರಾಣಿಯೊಳಗೆ ಹೋದ ಮೇಲೆ ಮಾತಾಡಬಾರದೆಂಬುದು ಬಸಗೊಂಡರೇ ಮಾಡಿದ ಕಟ್ಟಳೆ. ಆ ಕಟ್ಟಳೆಯನ್ನು ಅವರು ಅಂದು ಮುರಿದರು.

‘ಊರಬ್ಯಾಡ. ಆ ಕಾಲ ಮ್ಯಾಲ ಎತ್ತಿ ಹಿಡಿ, ಬಿದರಿಗೆ ಜೋತ ಬೀಳು. ನಿನ್ನ ಭಾರ ನನಗ ಇರ್ಲಿ. ನಡುವಿನವ್ರು ನನ್ನ ದನಿ ಹಿಡದ ನಡೀರಿ.’

ಎಂಟು ಕಾಲಿಗಾಗಿ ಧಾರಾವಾಹಿಯವರನ್ನು ಬಿಸಿಲಿನಲ್ಲಿ ಕಾಯಿಸಿದ ಮನುಷ್ಯ, ಏಳು ಕಾಲಿನ ಶರಭಕ್ಕೆ ತನ್ನ ಬಾಯಿಂದಲೇ ಅಪ್ಪಣೆ ಕೊಟ್ಟಿದ್ದ. ಸೊಂಟ ಇಳಿಸಿ, ಅಖಾಡದಲ್ಲಿ ಎದುರಾಳಿಯ ತೊಡೆಯ ಕೆಳಗೆ ಹೊಗುವಂತೆ ನಡುಬಿದಿರಿನ ಕೆಳಗೆ ಹೊಕ್ಕು, ಇಡೀ ಪ್ರಾಣಿಯನ್ನು ಹಿಂದಿನಿಂದ ಎತ್ತಿ ನೂಕಿದರು. ಒಂದೊಂದು ನೂಕಿಗೂ ಎದೆಯಾಳದಿಂದ ಒಂದೊಂದು ಹೂಂಕಾರ.

ಹೊರಗೆ ಕುಳಿತ ನಮಗೆ ಕಂಡದ್ದೇ ಬೇರೆ. ತಲೆವಾಲಿಸಿ ನಿಂತಿದ್ದ ಶರಭ ನಿಧಾನವಾಗಿ ಕೊರಳೆತ್ತಿತು. ಬಲಗಡೆಯ ಮುಂಗಾಲು ನೆಲ ಬಿಟ್ಟು ಎದೆಯ ಮಟ್ಟಕ್ಕೆ ಏರಿ ಅಲ್ಲಿಯೇ ನಿಂತಿತು. ರೆಕ್ಕೆಗಳು ಬಿಚ್ಚಿದವು. ಅದುವರೆಗೆ ಮೂಕವಾಗಿದ್ದ ಮೃಗಕ್ಕೆ ದನಿ ಬಂತು. ಹೂಂಕರಿಸುತ್ತ, ಎತ್ತಿದ ಪಂಜವನ್ನು ಇಳಿಸದೆ, ಅದು ಬೆಟ್ಟವನ್ನು ಏರತೊಡಗಿತು. ಕೋಟೆಯ ಬಾಗಿಲುಗಳ ಕೆಳಗೆ ಓಡಾಡಿ ಬೆಳೆದ ಜನ ಅದು. ಆ ಭಂಗಿಯನ್ನು ಗುರುತಿಸಲು ಅವರಿಗೆ ಭಾಷೆ ಬೇಕಾಗಲಿಲ್ಲ. ಹಿಂದಿನ ಸಾಲಿನಿಂದ ಹೊರಟ ಚಪ್ಪಾಳೆ ನಮ್ಮ ತಲೆಯ ಮೇಲೆ ಹಾದು ರಂಗವನ್ನು ಮುಟ್ಟಿತು. ರುಪಾಲಿ ಜಾಣೆ. ಕೊರಳ ಮೇಲಿನ ಕೈಯನ್ನು ತೆಗೆದು ಎತ್ತಿದ ಪಂಜಕ್ಕೆ ಕೊಟ್ಟಳು, ಮಗು ಅಜ್ಜನ ಬೆರಳು ಹಿಡಿಯುವಂತೆ ಹಿಡಿದು ನಡೆದಳು. ಶಿಖರ ಮುಟ್ಟುವಾಗ ಸಭೆಯಲ್ಲಿ ಕುಳಿತವರು ಯಾರೂ ಇರಲಿಲ್ಲ. ಚಂಪಾಬಾಯಿಯವರ ಪಕ್ಕದ ಮಹಿಳೆ ಇಷ್ಟು ದೊಡ್ಡ ಪ್ರಾಣಿಯನ್ನು ಯಾರು ನಡೆಸುತ್ತಿದ್ದಾರೋ ಎಂದು ಬೆರಗುಪಟ್ಟಾಗ, ಕೋಟನ್ನು ಎದೆಗವಚಿ ನಿಂತಿದ್ದ ಅವರು ರಂಗದಿಂದ ಕಣ್ಣು ಕೀಳದೆ ಹೇಳಿದರು:

‘ಮುಂದಿನ ಕಾಲ ಯಾರವೋ ನನಗ ಗೊತ್ತಿಲ್ಲರಿ. ಕಡೀಕಿನ ಎರಡು ನಮ್ಮನಿಯವ್ರವು.’

ಮರುದಿನ ಫಲಿತಾಂಶ. ಮೊದಲ ಬಹುಮಾನ ನಮ್ಮ ನಾಟಕಕ್ಕೆ. ಅತ್ಯುತ್ತಮ ಅಭಿನಯದ ಪ್ರಶಸ್ತಿಯನ್ನು ತೀರ್ಪುಗಾರರು ಶರಭಕ್ಕೆ ಘೋಷಿಸಿದರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಕೃಷ್ಣಾತ ಒಬ್ಬನೇ ಮೆಟ್ಟಿಲು ಹತ್ತಲಾರದವನಾದ್ದರಿಂದ ಬಸಗೊಂಡರ ಹೆಗಲಿಗೆ ಕೈಹಾಕಿದ. ಹೀಗಾಗಿ ಹಿಂದೆ ನಿಲ್ಲಲು ಅವಕಾಶವೇ ಸಿಗದೆ ಅವರು ಅವನ ಸರಿಸಮನಾಗಿ ವೇದಿಕೆಯೇರಿದರು. ಪಂಜವೆತ್ತುವ ಆ ಅಪೂರ್ವ ಕಲ್ಪನೆ ಯಾರದೆಂದು ಹಿರಿಯ ತೀರ್ಪುಗಾರ್ತಿ ಮರಾಠಿಯಲ್ಲಿ ಕೇಳಿದರು. ಶರಭದೊಳಗಿದ್ದ ಉಳಿದ ಮೂವರ ಬೆರಳೂ ಬಸಗೊಂಡರತ್ತ ತಿರುಗಿದವು. ಧ್ವನಿವರ್ಧಕವನ್ನು ಕೈಗೆ ಕೊಟ್ಟಾಗ ಅವರು ಅದನ್ನು ಬಿಸಿ ಪಾತ್ರೆಯಂತೆ ದೂರ ಹಿಡಿದು, ‘ಕಾಲ ಎತ್ತಿದಾಂವ ಇಂವಾ ರೀ. ನಾ ಬರೇ ದೂಕಿದ್ನಿ’ ಎಂದರು. ಆ ಎರಡು ಮಾತಿಗೆ ಬಿದ್ದ ಚಪ್ಪಾಳೆಯನ್ನು ಅವರು ತಲೆ ತಗ್ಗಿಸಿಯೇ ಕೇಳಿದರು; ಮುಖ ಮಾತ್ರ ಕುಸ್ತಿ ಗೆದ್ದ ಹುಡುಗನದಾಗಿತ್ತು.

ಬಾಪೂಸಾಹೇಬರು ದೊಡ್ಡ ಮನಸ್ಸಿನವರು. ಹೊಸ ಬಿದಿರನ್ನು ತಾವೇ ಆರಿಸಿ ತಂದರು, ಪರದೆಯನ್ನೂ ತರಿಸಿದರು. ಈಗ ಪರದೆಯ ಮೇಲೆ ನಕ್ಷತ್ರಗಳು ತಿರುಗುತ್ತವೆ, ಅವುಗಳ ಮುಂದೆ ಬಿದಿರಿನ ಶರಭ ನಡೆಯುತ್ತದೆ. ಗಡಹಿಂಗ್ಲಜದಲ್ಲಿ ಸಭಾಗೃಹ ಸಾಲದೆ ಶಾಲೆಯ ಮೈದಾನದಲ್ಲಿ ಪ್ರಯೋಗವಾಯಿತು. ಆಜರಾ ಊರಿನವರು ಕರೆಸಿಕೊಂಡು ಹೊಸ ಅಕ್ಕಿಯ ಚೀಲವೊಂದನ್ನು ಮೃಗಕ್ಕೆಂದೇ ಒಪ್ಪಿಸಿದರು. ಎಲ್ಲ ಊರಿನಲ್ಲೂ ಜನ ಪಂಜವೆತ್ತುವ ಗಳಿಗೆಗಾಗಿ ಕಾಯುತ್ತಾರೆ, ಹೂಂಕಾರ ಕೇಳಿದೊಡನೆ ಎದ್ದು ನಿಲ್ಲುತ್ತಾರೆ. ಚಂಪಾಬಾಯಿ ಒಂದು ಪ್ರಯೋಗವನ್ನೂ ತಪ್ಪಿಸಿಲ್ಲ.

ಪುರಾಣಿಕರು ಇಂಥ ಮೃಗಗಳ ಮುಖವನ್ನು ವರ್ಣಿಸುತ್ತಾರೆ, ಶಿಲ್ಪಿಗಳು ಪಂಜವನ್ನು ಕೆತ್ತುತ್ತಾರೆ, ನಾಳಿನ ಲೋಕಗಳ ಕನಸು ಕಾಣುವವರು ಅವುಗಳ ಹೆಸರನ್ನು ನೌಕೆಗಳಿಗೂ ಗ್ರಹಗಳಿಗೂ ಇಡುತ್ತಾರೆ. ಆದರೆ ಕಲ್ಪನೆಯೊಂದು ಪುಟದಿಂದಿಳಿದು ನಾಲ್ಕು ಜನರ ಎದುರಿಗೆ ನಿಜವಾಗಿ ನಡೆಯಬೇಕಾದರೆ, ಕತ್ತಲಲ್ಲಿ ಬಾಗಿ ನಿಂತು ಅದರ ಭಾರ ಹೊರಲು ಯಾರಾದರೂ ಒಪ್ಪಲೇಬೇಕು. ಒಪ್ಪುವ ಜಾತಿಯ ಜನ ಪ್ರತಿ ಊರಿನಲ್ಲೂ, ಪ್ರತಿ ಕೆಲಸದಲ್ಲೂ, ಸಾಲಿನ ತೀರ ಕೊನೆಗೆ ಇರುತ್ತಾರೆ. ಅವರ ಸಂಕೋಚ ಕಂಡು ನಾವು ಮರುಗುತ್ತೇವೆ, ಮುಂದೆ ಬನ್ನಿ ಎಂದು ಕರೆಯುತ್ತೇವೆ. ಅವರು ಬರುವುದಿಲ್ಲ. ಬೆಟ್ಟ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆಂದು ಅವರ ಹೆಗಲಿಗೆ ಗೊತ್ತು. ಅದು ಬಂದು ಬೀಳುವ ಜಾಗವನ್ನು ಅವರು ತಾವಾಗಿಯೇ, ಸಂತೋಷದಿಂದ, ಆರಿಸಿಕೊಂಡಿರುತ್ತಾರೆ.